ಮೊಸರನ್ನದ ಬೆಕ್ಕು

ನನಗೆ ಹೇಸಿಗೆ ಜಾಸ್ತಿ. ಬಚ್ಚಲಿನ ಜಾಲರಿಗೆ ಸಿಕ್ಕಿಕೊಂಡ ಕೂದಲು, ಚಹಾದ ತಳದಲ್ಲಿ ಕರಗಿ ಕೂತ ಬಿಸ್ಕತ್ತು, ಬಸ್ಸಿನ ಕಂಬಿಯ ಮೇಲೆ ಇನ್ನೊಬ್ಬರ ಅಂಗೈ ಬಿಟ್ಟುಹೋದ ಬೆವರು. ಇವುಗಳಲ್ಲಿ ಒಂದು ಕಂಡರೆ ಸಾಕು, ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸಕ್ಕಿದ್ದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬುಧವಾರ ಮೊಟ್ಟೆ ಬೇಯಿಸುತ್ತಿದ್ದರು. ಬುಧವಾರ ನಾನು ಅಲ್ಲಿಯ ಸ್ಟೀಲ್ ಲೋಟದಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ. ಜೊತೆಯವರು ನಗುತ್ತಿದ್ದರು. ನಾನು ಅದನ್ನೇ ನನ್ನ ಶುದ್ಧಿ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ. ಆ ಬೀಗುವಿಕೆಗೆ ನಮ್ಮ ಮನೆಯ ಬೆಕ್ಕು ಕಣ್ಣು ತೆತ್ತಿತು.

ನಾವು ಲಿಂಗ ಕಟ್ಟಿಕೊಂಡ ಜನ. ನನ್ನ ತವರು ದಾವಣಗೆರೆ, ಗಂಡನ ಮನೆ ರಾಣೆಬೆನ್ನೂರು. ಇವರ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನನ್ನದು ಜಿಗಣಿಯಲ್ಲಿ. ಇಬ್ಬರಿಗೂ ತೀರಾ ದೂರವಾಗದಿರಲಿ ಎಂದು ಬೇಗೂರಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಮನೆ ಹಿಡಿದಿದ್ದೆವು. ಅತ್ತೆ ನಮ್ಮ ಜೊತೆಗೇ ಇದ್ದರು. ಬೆಳಿಗ್ಗೆ ಸ್ನಾನವಾದ ಮೇಲೆ ಅತ್ತೆಯೂ ನಾನೂ ದೇವರ ಕೋಣೆಯಲ್ಲಿ ಕೂತು, ಕೊರಳಿನ ಲಿಂಗವನ್ನು ತೆಗೆದು ಎಡಗೈಯ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ವಿಭೂತಿ ಹಚ್ಚಿ ಹೂವಿಟ್ಟು ಪೂಜೆ ಮಾಡುತ್ತಿದ್ದೆವು. ಅದಾಗದೆ ಚಹಾ ಸಹ ಇಲ್ಲ. ಎಡ ಅಂಗೈ ಎಂದರೆ ಲಿಂಗದ ಮನೆ ಎಂದು ಅತ್ತೆ ಹೇಳುತ್ತಿದ್ದರು. ಅವರು ಎಡಗೈಯಲ್ಲಿ ಕಸದ ಬುಟ್ಟಿಯನ್ನೂ ಎತ್ತುತ್ತಿರಲಿಲ್ಲ.

ಇಂಥ ಮನೆಗೆ ಬೆಕ್ಕು ಬಂದದ್ದು ಇವರ ಸ್ಕೂಟರಿನ ಹೊದಿಕೆಯ ಕೆಳಗಿನಿಂದ. ಅಂಗೈಯಷ್ಟಿದ್ದ ಗಂಡು ಮರಿ, ತಾಯಿ ಎಲ್ಲೋ ಗಾಡಿಗೆ ಸಿಕ್ಕಿರಬೇಕು. ಇವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಾಗ ಅತ್ತೆ ಬಾಗಿಲಲ್ಲೇ ತಡೆದರು. ಮಾಂಸ ತಿನ್ನುವ ಪ್ರಾಣಿ ಮನೆಯೊಳಗೆ ಬೇಡ ಎಂದರು. ನನಗೂ ಅದೇ ಬೇಕಾಗಿತ್ತು. ಆಮೇಲೆ ಅವರೇ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಬೂದಿ ಬಣ್ಣ ನೋಡವಾ ಇದರದ್ದು. ವಿಭೂತಿ ಹಚ್ಕೊಂಡ ಹುಟ್ಟೇತಿ. ಇರ್ಲಿ ಬಿಡು, ನಮ್ಮನ್ಯಾಗ ನಮ್ಮಂಗ ಉಂಡ್ಕೊಂಡು ಇರ್ತೇತಿ."

ಅಲ್ಲಿಗೆ ಬೆಕ್ಕಿನ ಜಾತಿಯೂ ಊಟವೂ ತೀರ್ಮಾನವಾಯಿತು.

ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಚಪಾತಿ, ಮಧ್ಯಾಹ್ನ ಮೊಸರನ್ನ, ಸಂಜೆ ಮತ್ತೆ ಹಾಲು. ಹಬ್ಬವಿದ್ದರೆ ಹೋಳಿಗೆಯ ಅಂಚು, ತುಪ್ಪ ಸವರಿದ್ದು. ಇಷ್ಟು ಕೊಟ್ಟು ನಾವು ಬೆಕ್ಕಿಗೆ ಆರೋಗ್ಯದ ಊಟ ಹಾಕುತ್ತಿದ್ದೇವೆ ಎಂದು ನಂಬಿದ್ದೆವು. ಪಕ್ಕದ ಬ್ಲಾಕಿನವರು ತಮ್ಮ ನಾಯಿಗೆ ಕೋಳಿಯ ಕಾಲು ಬೇಯಿಸಿ ಹಾಕುತ್ತಿದ್ದರು. ಆ ವಾಸನೆ ಲಿಫ್ಟಿನಲ್ಲಿ ನಿಂತರೆ ನಾನು ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ನಮ್ಮ ಬೆಕ್ಕಿನ ಬಾಯಿ ಮೂಸಿದರೆ ಹಸುಗೂಸಿನ ಬಾಯಿಯಂತೆ ಹಾಲಿನ ವಾಸನೆ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದೆ. ಇದನ್ನು ಹೇಳುತ್ತಿದ್ದವಳ ಕೆಲಸ ಏನು ಗೊತ್ತೇ? ಮಕ್ಕಳಿಗೆ ಕೊಡುವ ಮಾಲ್ಟ್ ಪುಡಿ ತಯಾರಿಸುವ ಕಾರ್ಖಾನೆಯ ಲ್ಯಾಬಿನಲ್ಲಿ ಪುಡಿಯಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆದು ಬರೆಯುವುದು. ದಿನಕ್ಕೆ ಹತ್ತು ಸ್ಯಾಂಪಲ್ ಅಳೆಯುತ್ತಿದ್ದೆ. ಮನೆಯಲ್ಲಿ ಬೆಕ್ಕಿನ ತಟ್ಟೆಯಲ್ಲಿ ಏನಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಶ್ರಾವಣ ಬಂತು. ಅತ್ತೆ ಶ್ರಾವಣ ಸೋಮವಾರ ಒಪ್ಪತ್ತು, ಒಂದೇ ಹೊತ್ತಿನ ಊಟ. ತಮ್ಮ ಜೊತೆಗೆ ಬೆಕ್ಕಿಗೂ ಒಪ್ಪತ್ತು ಮಾಡಿಸಿದರು! ಬೆಳಿಗ್ಗೆ ಹಾಲಿಲ್ಲ, ಸಂಜೆ ಪೂಜೆಯಾದ ಮೇಲೆ ಮೊಸರನ್ನ. ಅದು ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕೂತರೆ ಧ್ಯಾನ ಮಾಡುತ್ತಿದೆ ಎಂದು ಊರಿಗೆ ಫೋನ್ ಮಾಡಿ ಹೇಳಿದರು. ಮನೆಗೆ ಬಂದವರು, ನಮ್ಮ ಕಡೆಯವರೇ, ಬೆಕ್ಕಿನ ಮುಂದೆ ಕೈಮುಗಿಯುವುದೊಂದು ಬಾಕಿ. ಪೂರ್ವಜನ್ಮದ ಶರಣ ಜೀವ ಎಂದರು ಒಬ್ಬರು. ನಾನು ಉಪ್ಪಿಟ್ಟು ಬಡಿಸುತ್ತ ಹೌದೌದು ಎಂದೆ. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಫಿನಾಯಿಲ್ ಹಾಕಿ ತೊಳೆಯಬೇಕು ಅನ್ನಿಸುತ್ತದೆ.

ಒಂದು ವಿಷಯ ಇಲ್ಲೇ ಹೇಳಬೇಕು. ಸಂಜೆ ಹಾಲು ಕಾಯಿಸುವಾಗ ನನ್ನ ಬಲಗೈಯಲ್ಲಿ ಸೌಟು ಇರುತ್ತಿತ್ತು. ಬೆಕ್ಕು ಕಾಲು ಸುತ್ತಿದರೆ ಎಡ ಅಂಗೈಯಲ್ಲಿ ಸ್ವಲ್ಪ ಕೆನೆ ತೆಗೆದುಕೊಂಡು ಬಗ್ಗಿ ಚಾಚುತ್ತಿದ್ದೆ. ಮರಿಯಿದ್ದಾಗಿನಿಂದ ಅದಕ್ಕೆ ಅದೇ ರೂಢಿ. ಅತ್ತೆ ಒಮ್ಮೆ ನೋಡಿ ಮುಖ ಸಿಂಡರಿಸಿದರು. ಲಿಂಗದ ಕೈ ಯಾಕೆ ಎಂಜಲು ಮಾಡಿಸುತ್ತೀ ಎಂದರು. ಆಮೇಲೆ ಅವರೇ, "ಹೋಗ್ಲಿ, ಕೆನಿ ತಾನ," ಎಂದು ಬಿಟ್ಟುಬಿಟ್ಟರು.

ಬೆಕ್ಕಿಗೆ ಒಂದೂವರೆ ವರ್ಷ ತುಂಬಿತ್ತು. ಬಾಲ್ಕನಿಯಿಂದ ನುಗ್ಗೆ ಮರಕ್ಕೆ ಹಾರಿ, ಅಲ್ಲಿಂದ ಕಾಂಪೌಂಡಿಗೆ ಇಳಿದು, ಬೆಳಗಾಗುವುದರೊಳಗೆ ವಾಪಸ್ ಬರುವುದು ಅದರ ದಿನಚರಿ. ವಾಕಿಂಗ್ ಹೋಗಿಬರುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಒಂದು ಸೋಮವಾರ, ಸ್ನಾನ ಮುಗಿಸಿ ಮಡಿ ಸೀರೆಯುಟ್ಟು ಬರಿಗಾಲಿನಲ್ಲಿ ದೇವರ ಕೋಣೆಗೆ ಹೋಗುತ್ತಿದ್ದೆ. ಹೊಸ್ತಿಲ ಮೇಲೆ ಕಾಲಿಟ್ಟೆ. ಏನೋ ಮೆತ್ತಗೆ, ತಣ್ಣಗೆ ಬೆರಳ ಸಂದಿಗೆ ಬಂತು. ಬಗ್ಗಿ ನೋಡಿದರೆ ಅರ್ಧ ಇಲಿ. ತಲೆಯ ಕಡೆ ಇರಲಿಲ್ಲ. ಹಿಂದಿನ ಎರಡು ಕಾಲು, ಬಾಲ, ನಡುವೆ ಹೊಟ್ಟೆಯಿಂದ ಜಾರಿದ ನೀಲಿಗಟ್ಟಿದ ಕರುಳು, ಆ ಕರುಳು ನನ್ನ ಕಿರುಬೆರಳಿಗೆ ಅಂಟಿಕೊಂಡಿತ್ತು. ಬೆಕ್ಕು ಪಕ್ಕದಲ್ಲೇ ಕೂತು ನನ್ನ ಮುಖ ನೋಡುತ್ತಿತ್ತು, ತಗೋ ಎನ್ನುವಂತೆ.

ನಾನು ಅಲ್ಲೇ ವಾಂತಿ ಮಾಡಿಕೊಂಡೆ, ದೇವರ ಕೋಣೆಯ ಹೊಸ್ತಿಲಲ್ಲಿ. ಆ ದಿನ ಕಾಲನ್ನು ಎಷ್ಟು ಸಲ ತೊಳೆದೆನೋ ಲೆಕ್ಕವಿಲ್ಲ. ನೆಲ ತಿಕ್ಕುವ ಬ್ರಶ್ಶಿನಿಂದ ಉಜ್ಜಿ ಚರ್ಮ ಕೆಂಪಾಯಿತು. ಕಾರ್ಖಾನೆಗೆ ಹೋದರೂ ಬೂಟಿನೊಳಗೆ ಆ ಮೆತ್ತಗಿನದು ಇದ್ದೇ ಇದೆ ಅನ್ನಿಸುತ್ತಿತ್ತು. ಬೆಕ್ಕು ಬಳಿಗೆ ಬಂದರೆ ಅದರ ಬಾಯಿ ನೋಡಲಾಗುತ್ತಿರಲಿಲ್ಲ. ಅತ್ತೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲೋ ಸತ್ತದ್ದನ್ನು ಆಟಕ್ಕೆ ಕಚ್ಚಿಕೊಂಡು ಬಂದಿದೆ, ನಮ್ಮ ಬೆಕ್ಕು ತಿನ್ನುವುದಿಲ್ಲ ಎಂದರು. ತಲೆ ಎಲ್ಲಿ ಹೋಯಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿಕೊಂಡವರು ನಾವೇ.

ಇವರು, "ಬೆಕ್ಕು ಅಂದ್ಮೇಲೆ ಹಂಗೇ ಕಣೇ," ಎಂದು ನಕ್ಕರು. ನಾನು ಸಿಡುಕಿದೆ. ಈ ಮನೆಯಲ್ಲಿ ನಾನಿರಬೇಕು ಇಲ್ಲವೇ ಇಲಿ ಇರಬೇಕು ಎಂದೆ. ಅದೇ ಭಾನುವಾರ ಪಾರಿವಾಳ ಬರದಂತೆ ಹಾಕುವ ನೆಟ್ಟಿನವರನ್ನು ಕರೆಸಿ ಬಾಲ್ಕನಿಯನ್ನು ಮೇಲಿನಿಂದ ಕೆಳಗಿನವರೆಗೆ ಮುಚ್ಚಿಸಿದೆ. ಬಲೆಯ ಕಣ್ಣಿನಲ್ಲಿ ಬೆರಳು ತೂರಿಸಿ ಗಟ್ಟಿ ಇದೆಯೇ ಎಂದು ನಾನೇ ಪರೀಕ್ಷೆ ಮಾಡಿದೆ. ಬೆಕ್ಕು ಎರಡು ವಾರ ಅದರ ಮುಂದೆ ಕೂತು ಕೂಗಿತು. ಆಮೇಲೆ ಸುಮ್ಮನಾಯಿತು. ಒಳ್ಳೆಯದಾಯಿತು, ಬುದ್ಧಿ ಬಂತು ಎಂದುಕೊಂಡೆ.

ಅದಾಗಿ ಮತ್ತೆ ಒಂದೂವರೆ ವರ್ಷ. ಬೆಕ್ಕು ದಪ್ಪವಾಗಿತ್ತು, ಸೋಮಾರಿಯಾಗಿತ್ತು. ಅದರ ಕಣ್ಣು ದೊಡ್ಡದಾಗಿ, ಕಪ್ಪಾಗಿ, ನಡುಹಗಲಿನಲ್ಲೂ ಅರಳಿಕೊಂಡೇ ಇರುತ್ತಿತ್ತು. ಬಂದವರು ಎಷ್ಟು ಚೆಂದದ ಕಣ್ಣು ಎನ್ನುತ್ತಿದ್ದರು. ಒಂದು ದಿನ ಸೋಫಾಕ್ಕೆ ಹಾರಲು ಹೋಗಿ ಅಂಚಿಗೆ ಗದ್ದ ಬಡಿದುಕೊಂಡಿತು. ದಪ್ಪವಾಗಿದೆ ಅದಕ್ಕೇ ಎಂದು ನಕ್ಕೆವು. ಇನ್ನೊಂದು ದಿನ ಗ್ಯಾಸ್ ಸಿಲಿಂಡರಿನ ಜಾಗ ಬದಲಿಸಿದ್ದೆ, ಬೆಕ್ಕು ನೇರ ನಡೆದುಬಂದು ಅದಕ್ಕೆ ಡಿಕ್ಕಿ ಹೊಡೆಯಿತು. ಆಗ ನಗು ಬರಲಿಲ್ಲ. ಚಪಾತಿ ಹಿಟ್ಟಿನ ಒಂದು ಉಂಡೆ ಮಾಡಿ ಅದರ ಮೂಗಿನ ಮುಂದೆ ಸದ್ದಿಲ್ಲದೆ ಆಡಿಸಿದೆ. ಕಣ್ಣು ಅಲುಗಲಿಲ್ಲ. ಉಂಡೆಯನ್ನು ನೆಲಕ್ಕೆ ಬಿಟ್ಟಾಗ ಸದ್ದಿಗೆ ಕಿವಿ ತಿರುಗಿತು. ಕಣ್ಣು ಮಾತ್ರ ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು.

ಬೇಗೂರಿನ ಮುಖ್ಯರಸ್ತೆಯಲ್ಲಿ ಒಬ್ಬ ಪ್ರಾಣಿವೈದ್ಯೆ ಇದ್ದರು. ನಮ್ಮದೇ ವಯಸ್ಸಿನವರು, ಬೆಂಗಳೂರಿನವರು. ಬೆಕ್ಕಿನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಊಟಕ್ಕೆ ಏನ್ ಕೊಡ್ತೀರಾ ಮೇಡಂ?"

ನಾನು ಹೆಮ್ಮೆಯಿಂದಲೇ ಹೇಳಿದೆ. ಹಾಲು, ಚಪಾತಿ, ಮೊಸರನ್ನ.

"ಚಿಕನ್? ಮೀನು? ಮೊಟ್ಟೆ?"

"ಇಲ್ಲ ಡಾಕ್ಟರ್, ನಾವು ತಿನ್ನಲ್ಲ."

"ನೀವು ತಿನ್ನಲ್ಲ, ಸರಿ. ನಾನ್ ಕೇಳಿದ್ದು ಬೆಕ್ಕಿಗೆ."

ಆಮೇಲೆ ಅವರು ಹೇಳಿದ್ದು ಇಷ್ಟು. ಟಾರಿನ್ ಎಂಬುದೊಂದಿದೆ. ನಮ್ಮ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಸಾಕಾಗುವಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಅದಕ್ಕೆ ಅದು ಮಾಂಸದಿಂದಲೇ ಸಿಗಬೇಕು. ಅನ್ನದಲ್ಲಿಲ್ಲ, ಬೇಳೆಯಲ್ಲಿಲ್ಲ, ಹಾಲಿನಲ್ಲಿ ಸಾಕಾಗುವಷ್ಟಿಲ್ಲ. ಸಿಗದಿದ್ದರೆ ಕಣ್ಣಿನ ಹಿಂದಿನ ಪರದೆ ಹಾಳಾಗುತ್ತದೆ, ಹೃದಯ ಸೋಲುತ್ತದೆ. "ಹೋಗಿರೋ ಕಣ್ಣು ವಾಪಸ್ ಬರಲ್ಲ. ಹಾರ್ಟ್ ಸೌಂಡೂ ಸರಿಯಿಲ್ಲ, ಆದ್ರೆ ಅದನ್ನ ಇನ್ನೂ ಉಳಿಸ್ಕೋಬಹುದು. ಇವತ್ತಿಂದ್ಲೇ ಮಾಂಸ ಶುರು ಮಾಡ್ಬೇಕು," ಎಂದರು. ಒಂದು ಔಷಧಿಯನ್ನೂ ಬರೆದುಕೊಟ್ಟರು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದರು, "ಮೂರು ವರ್ಷ ಬರೀ ಮೊಸರನ್ನದಲ್ಲಿ ಹೇಗ್ ಬದುಕ್ತು ಇದು? ಹೊರಗೆ ಹೋಗ್ತಿತ್ತಾ?"

"ಮೊದಲು ಹೋಗ್ತಿತ್ತು. ಒಂದೂವರೆ ವರ್ಷದಿಂದ ನೆಟ್ ಹಾಕಿಸಿದೀವಿ."

ನನ್ನ ಕಾಲಿನ ಕಿರುಬೆರಳು ಚಪ್ಪಲಿಯೊಳಗೆ ತಾನೇ ಮಡಚಿಕೊಂಡಿತು.

ವಾಪಸ್ ಬರುವಾಗ ಗೇಟಿನಲ್ಲಿ ಸೆಕ್ಯೂರಿಟಿಯವರನ್ನು ಕೇಳಿದೆ. ಯಾದಗಿರಿ ಕಡೆಯ ವಯಸ್ಸಾದ ಮನುಷ್ಯ, ನಾವು ಬರುವ ಮೊದಲಿನಿಂದ ಅಲ್ಲೇ ಇದ್ದವರು. ನಮ್ಮ ಬೆಕ್ಕು ಹೊರಗೆ ಬಂದು ಏನು ಮಾಡುತ್ತಿತ್ತು ಎಂದೆ. ಅವರು ಬುಟ್ಟಿಯೊಳಗಿನ ಬೆಕ್ಕನ್ನು ನೋಡಿ ಮುಗುಳ್ನಕ್ಕರು.

"ಏನ್ ಮಾಡ್ತದ್ರೀ ಅಕ್ಕಾರ, ಬ್ಯಾಟಿ. ದಿನಾ ಒಂದು ಇಲಿ. ಇಲ್ಲಂದ್ರ ಹಲ್ಲಿ. ಒಮ್ಮೊಮ್ಮೆ ಪಾರಿವಾಳದ ಮರಿ ಸುದ್ದಾ. ಅಕಾ ಅಲ್ಲಿ, ಸಂಪಿನ ಮ್ಯಾಲ ಕುಂತು ತಿಂತಿತ್ರೀ."

"ನಮಗೆ ಯಾಕೆ ಹೇಳಲಿಲ್ಲ?"

"ಹ್ಯಾಂಗ ಹೇಳ್ಬೇಕ್ರೀ? ಅಮ್ಮಾರು ಎಲ್ಲಾರ ಮುಂದ ನಮ್ಮ ಬೆಕ್ಕು ಸೋಮಾರ ಒಪ್ಪತ್ತು ಮಾಡ್ತದ ಅಂತಿದ್ರು. ನಾ ನಡುವ ಬಾಯಿ ಹಾಕಿ ಇಲಿ ತಿಂತದ್ರೀ ಅಂದ್ರ ಚೊಲೋ ಕಾಣ್ತದೇನ್ರೀ?"

ಲಿಫ್ಟಿನಲ್ಲಿ ಕನ್ನಡಿ ಇತ್ತು. ನಾನು ಅದಕ್ಕೆ ಬೆನ್ನು ಹಾಕಿ ನಿಂತೆ. ಆ ಬೆಕ್ಕು ನಮ್ಮ ಮೊಸರನ್ನವನ್ನು ನಮ್ಮ ಮರ್ಯಾದೆಗೆಂದು ತಿಂದು, ಬದುಕಲು ಬೇಕಾದದ್ದನ್ನು ಕೆಳಗೆ ಹೋಗಿ ಹುಡುಕಿಕೊಳ್ಳುತ್ತಿತ್ತು. ಅದು ತನ್ನ ಊಟದಲ್ಲಿ ಅರ್ಧ ಉಳಿಸಿ ನನಗೆಂದು ತಂದಿಟ್ಟ ವಾರವೇ ನಾನು ದಾರಿ ಮುಚ್ಚಿಸಿದ್ದೆ.

ಇನ್ನು ಅತ್ತೆಗೆ ಹೇಳಬೇಕಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇವರು ಆಫೀಸಿನ ಕಾಲ್ ಇದೆ ಎಂದು ಲ್ಯಾಪ್‌ಟಾಪಿನೊಳಗೆ ತಲೆ ತೂರಿಸಿದರು. ನಾನೇ ಹೇಳಿದೆ. ಅತ್ತೆ ಪೂರ್ತಿ ಕೇಳಿದರು. ಬೆಕ್ಕಿನ ಕಣ್ಣಿನ ಮುಂದೆ ತಾವೂ ಕೈ ಆಡಿಸಿ ನೋಡಿದರು. ಆದರೂ ಮಾತು ಬದಲಾಗಲಿಲ್ಲ.

"ಈ ಹೊಸ್ತಿಲ ದಾಟಿ ಮಾಂಸ ಬರಂಗಿಲ್ಲ. ತಿನ್ನೋರ ಮನಿಗೆ ಯಾರಿಗಾರ ಕೊಟ್ಟುಬಿಡ್ರಿ. ಪಾಪ, ಅಲ್ಲಾರ ಉಣ್ಲಿ."

"ಕುರುಡು ಬೆಕ್ಕು ಯಾರಿಗೆ ಬೇಕು ಅತ್ತೀ? ಕಣ್ಣು ಕಳೆದಿದ್ದು ನಾವು, ಸಾಕೋರು ಇನ್ನೊಬ್ಬರಾ?"

ಅವರು ಎದ್ದು ದೇವರ ಕೋಣೆಗೆ ಹೋದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಬಾಲ್ಕನಿ ಮನೆಯೊಳಗಲ್ಲ ಎಂದು ತಿಳಿದುಕೊಳ್ಳುತ್ತೇನೆ, ಪಾತ್ರೆ ಒಲೆ ಎಲ್ಲ ಬೇರೆ ಇರಲಿ, ಪೂಜೆ ಮಾಡುವ ಕೈಯಲ್ಲಿ ಮಾತ್ರ ಮುಟ್ಟಬೇಡ ಎಂದರು. ನನಗೆ ಸಿಟ್ಟು ಬಂತು.

"ಎಡಗೈ ಲಿಂಗಕ್ಕೆ, ಬಲಗೈ ಹೂವಿಗೆ. ಮೂರನೇ ಕೈ ಎಲ್ಲಿಂದ ತರ್ಲಿ?"

"ಚಮಚಾ ಇಲ್ಲೇನು?" ಎಂದರು ಅತ್ತೆ.

ಮೊದಲು ತಂದದ್ದು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರದ ಪ್ಯಾಕೆಟ್ಟು. ಅದರಲ್ಲಿ ನಮಗೊಂದು ಅನುಕೂಲವಿತ್ತು. ನೋಡಲು ಬಿಸ್ಕತ್ತಿನ ಹಾಗಿತ್ತು, ಬಿಸ್ಕತ್ತು ಎಂದೇ ಕರೆದುಬಿಡಬಹುದಿತ್ತು. ರೂಢಿಯಂತೆ ಹಿಂದಿನ ಲೇಬಲ್ ಓದಿದೆ. ಕೋಳಿ ಮಾಂಸದ ಪುಡಿ, ಮೀನಿನೆಣ್ಣೆ, ಪ್ರಾಣಿಗಳ ಇತರ ಭಾಗಗಳು. ಇತರ ಭಾಗಗಳು ಎಂದರೆ ಯಾವುವು? ಕೊಕ್ಕೇ, ಉಗುರೇ, ಕರುಳೇ? ಪ್ಯಾಕೆಟ್ಟು ಕತ್ತರಿಸಿದಾಗ ಹಳೆಯ ಎಣ್ಣೆ ಮತ್ತು ಒಣಮೀನು ಕೂಡಿದ ನಾತ ಮೂಗಿಗೆ ಬಡಿಯಿತು. ಉಸಿರು ಬಿಗಿಹಿಡಿದು ತಟ್ಟೆಗೆ ಸುರಿದೆ.

ಬೆಕ್ಕು ಬಂತು. ಮೂಸಿತು. ಮೂಗು ಹಿಂದಕ್ಕೆಳೆದುಕೊಂಡು ಮುಂಗಾಲಿನಿಂದ ನೆಲವನ್ನು ಕೆರೆಯತೊಡಗಿತು. ತಟ್ಟೆಯ ಸುತ್ತ ಕೆರೆಯಿತು, ಮತ್ತೆ ಕೆರೆಯಿತು. ಬೆಕ್ಕು ಸಾಕಿದವರಿಗೆ ಇದು ಗೊತ್ತಿರುತ್ತದೆ. ತನ್ನ ಹೇಲನ್ನು ಮುಚ್ಚುವಾಗ ಅದು ಹೀಗೇ ಕೆರೆಯುವುದು.

ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಹುಟ್ಟಿದಾಗ ಅದಕ್ಕೆ ಇದ್ದ ನಾಲಿಗೆಯನ್ನೂ ನಾವು ಕೆಡಿಸಿದ್ದೆವು. ಮಾಂಸ ಕಂಡರೆ ಮೂಗು ಮುರಿಯುವುದನ್ನು ನನ್ನಿಂದಲೇ ಕಲಿತಿತ್ತು, ಅಚ್ಚುಕಟ್ಟಾಗಿ.

ಡಾಕ್ಟರಿಗೆ ಫೋನ್ ಮಾಡಿದೆ. ಮೊಸರನ್ನ ಹಾಕಿದರೆ ಅದನ್ನೇ ತಿಂದು ಸುಮ್ಮನಾಗುತ್ತದೆ, ಹಾಕಬೇಡಿ, ಕೋಳಿ ಬೇಯಿಸಿ ಕೊಟ್ಟು ನೋಡಿ ಎಂದರು. "ಆದ್ರೆ ಮೇಡಂ, ದಪ್ಪ ಬೆಕ್ಕು ಇದು. ಎರಡು ದಿನದ ಮೇಲೆ ಏನೂ ತಿನ್ದೇ ಇದ್ರೆ ಲಿವರ್ ಕೈ ಕೊಡತ್ತೆ. ಹೇಗಾದ್ರೂ ಮಾಡಿ ತಿನ್ನಿಸಿ." ಒಂದು ದಿನ ಆಗಲೇ ಕಳೆದಿತ್ತು.

ಮರುದಿನ ಭಾನುವಾರ. ನನ್ನ ಆಯುಷ್ಯದಲ್ಲಿ ಮೊದಲ ಸಲ ಕೋಳಿ ಅಂಗಡಿಯ ಮೆಟ್ಟಿಲು ಹತ್ತಿದೆ. ದುಪಟ್ಟಾದಲ್ಲಿ ಮೂಗು ಬಾಯಿ ಕಟ್ಟಿಕೊಂಡು, ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಆಚೀಚೆ ನೋಡಿಕೊಂಡು, ಕಳ್ಳಿಯ ಹಾಗೆ. ಪಂಜರದೊಳಗೆ ಕೋಳಿಗಳು ಒಂದರ ಮೇಲೊಂದು ಕೂತು ಒಂದರ ಮೈಮೇಲೆ ಇನ್ನೊಂದು ಹಿಕ್ಕೆ ಹಾಕುತ್ತಿದ್ದವು. ಅಂಗಡಿಯವ ಒಂದರ ಕತ್ತು ಕುಯ್ದು ನೀಲಿ ಡ್ರಮ್ಮಿಗೆ ಎಸೆದ. ಡ್ರಮ್ಮಿನ ಒಳಗಿನಿಂದ ದಡಬಡ ಸದ್ದು ಬಂತು, ಬರುತ್ತಲೇ ಇತ್ತು, ಆಮೇಲೆ ನಿಂತಿತು. ಒದ್ದೆ ಪುಕ್ಕದ ನಾತ, ಬಿಸಿ ರಕ್ತದ ನಾತ, ಅದರ ಮೇಲೆ ಹಚ್ಚಿದ ಊದುಬತ್ತಿಯ ನಾತ. ಊದುಬತ್ತಿಯದೇ ಎಲ್ಲಕ್ಕಿಂತ ಅಸಹ್ಯವಾಗಿತ್ತು, ನಮ್ಮ ದೇವರ ಕೋಣೆಯಲ್ಲಿ ಉರಿಸುವುದೂ ಅದೇ ವಾಸನೆಯದು.

"ಏನ್ ಬೇಕು ಅಕ್ಕ? ಕರಿ ಪೀಸಾ, ಬಿರಿಯಾನಿ ಪೀಸಾ?"

"ಬೆಕ್ಕಿಗೆ," ಎಂದೆ.

ಅವನು ಪಕ್ಕದವನ ಕಡೆ ನೋಡಿ ನಕ್ಕ. "ಆಯ್ತು ಬಿಡಿ ಅಕ್ಕ. ನಿಮ್ಮಂಥೋರು ಜಾಸ್ತಿ ಜನ ಬೆಕ್ಕಿಗೇ ತಗೊಂಡೋಗ್ತಾರೆ. ಮಸಾಲೆ ಹಿಡಿಯೋ ಹಂಗೆ ಸಣ್ಣಕ್ಕೆ ಕಟ್ ಮಾಡಿ ಕೊಡ್ತೀನಿ."

ನನ್ನ ಹಣೆಯ ವಿಭೂತಿ ಒರೆಸಿಕೊಂಡು ಬರಲು ಮರೆತಿದ್ದೆ. ಇಲ್ಲ, ನಿಜವಾಗಿಯೂ ಬೆಕ್ಕಿಗೆ, ಕುರುಡು ಬೆಕ್ಕು ಎಂದು ವಿವರಿಸಲು ಹೊರಟೆ. ಹೇಳಿದಷ್ಟೂ ಅವನಿಗೆ ನಗು ಜಾಸ್ತಿಯಾಯಿತು. ಎದೆಯ ಮಾಂಸ, ಎರಡು ಗುಂಡಿಗೆ, ಒಂದು ಪಿತ್ತಜನಕಾಂಗ, ಅವನ ಮಾತಿನಲ್ಲಿ ಲಿವರು. ಕಪ್ಪು ಪ್ಲಾಸ್ಟಿಕ್ ಚೀಲ ಕೈಗೆ ಬಂದಾಗ ಬೆಚ್ಚಗಿತ್ತು. ಹಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮನೆ ಮುಟ್ಟುವವರೆಗೂ ಚೀಲವನ್ನು ಮೈಯಿಂದ ದೂರ, ತೋಳು ಚಾಚಿ ಹಿಡಿದುಕೊಂಡೇ ನಡೆದೆ.

ಬಾಲ್ಕನಿಯಲ್ಲಿ ಕರೆಂಟಿನ ಸುರುಳಿ ಒಲೆ ಇಟ್ಟು ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಲಿಟ್ಟೆ. ನೀರು ಕುದಿಯುತ್ತಿದ್ದಂತೆ ಬೂದು ಬಣ್ಣದ ನೊರೆ ಮೇಲೆ ಬಂತು. ಗುಂಡಿಗೆ ಎರಡೂ ಮೇಲೇಳುತ್ತ ಮುಳುಗುತ್ತ ಪಾತ್ರೆಯಲ್ಲಿ ಸುತ್ತಿದವು. ಎರಡು ಸಲ ಒಳಗೆ ಓಡಿಹೋಗಿ ಬಚ್ಚಲಲ್ಲಿ ಕಕ್ಕಿದೆ. ಎರಡನೇ ಸಲ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಬರೀ ಕಹಿ. ಅತ್ತೆ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರು. ಇವರು ಪೇಪರ್ ತರುತ್ತೇನೆ ಎಂದು ಹೋದವರು ಪತ್ತೆಯಿರಲಿಲ್ಲ.

ಆರಿದ ಮೇಲೆ ಚಮಚದಲ್ಲಿ ಜಜ್ಜಿ ಬೆಕ್ಕಿನ ಬಾಯಿಗೆ ಹಿಡಿದೆ. ಕಣ್ಣು ಕಾಣದ ಬೆಕ್ಕಿನ ಮೀಸೆಗೆ ತಣ್ಣಗಿನ ಲೋಹ ತಾಗಿತು, ಅದು ಬೆಚ್ಚಿ ಹಿಂದಕ್ಕೆ ಹಾರಿ ಬಲೆಗೆ ಡಿಕ್ಕಿ ಹೊಡೆಯಿತು. ಮತ್ತೆ ಹಿಡಿದೆ. ಚಮಚವನ್ನು ಪಂಜದಿಂದ ಹೊಡೆದು ಬೀಳಿಸಿತು. ತಟ್ಟೆಯಲ್ಲಿಟ್ಟೆ. ಮೂಸಿ, ನೆಲ ಕೆರೆಯಿತು. ಬಲಗೈ ಬೆರಳ ತುದಿಯಲ್ಲಿ ಹಿಡಿದೆ, ಮುಖ ತಿರುಗಿಸಿತು. ಹೊತ್ತು ಮಧ್ಯಾಹ್ನವಾಯಿತು. ಅದು ಬಲೆಯ ಮೂಲೆಯಲ್ಲಿ ಮುದುಡಿ ಕೂತಿತು. ಪಕ್ಕೆ ಬೇಗಬೇಗ ಏರಿಳಿಯುತ್ತಿತ್ತು. ಡಾಕ್ಟರ್ ಹೇಳಿದ ಎರಡು ದಿನದಲ್ಲಿ ಇನ್ನು ಉಳಿದದ್ದು ಒಂದು ಸಂಜೆ. ಇದು ಸಾಯುತ್ತದೆ, ನನ್ನ ಹೇಸಿಗೆಯಿಂದಲೇ ಸಾಯುತ್ತದೆ ಎಂದು ನನಗೆ ಆಗ ಭಯವಾಯಿತು. ವಾಕರಿಕೆಯನ್ನೂ ಮೀರಿದ ಭಯ.

ಅದಕ್ಕೆ ಈಗ ಕಣ್ಣಿಲ್ಲ. ಅದಕ್ಕೆ ಗೊತ್ತಿರುವುದು ರೂಢಿಯೊಂದೇ. ಊಟ ಎಂದರೆ ಅದಕ್ಕೆ ನಾನು ಬಗ್ಗಿ ಚಾಚುವ ಎಡ ಅಂಗೈ.

ಫ್ರಿಜ್ಜಿನಿಂದ ಕೆನೆ ತಂದೆ. ಎಡ ಅಂಗೈಯನ್ನು ಬಿಡಿಸಿದೆ. ಪೂಜೆ ಮಾಡಿ ಮಾಡಿ ಅದರ ನಡುವಿನ ಗೆರೆಯಲ್ಲಿ ವಿಭೂತಿಯ ಬಿಳುಪು ಯಾವಾಗಲೂ ಇರುತ್ತಿತ್ತು, ಆ ದಿನವೂ ಇತ್ತು. ಅದರ ಮೇಲೆ ಜಜ್ಜಿದ ಮಾಂಸ ಇಟ್ಟೆ. ನಾರು ನಾರಾಗಿ, ಉಗುರುಬೆಚ್ಚಗೆ, ಜಿಡ್ಡು ಬೆರಳ ಸಂದಿಗೆ ಇಳಿಯಿತು. ಇಲಿಯ ಮೇಲೆ ಕಾಲಿಟ್ಟಾಗ ಕಾಲಿಗೆ ಆದದ್ದೇ ಈಗ ಕೈಗೆ ಆಯಿತು. ಮೇಲೆ ಕೆನೆ ಸವರಿ, ಮೊಣಕಾಲೂರಿ, ಹಾಲು ಕಾಯಿಸುವಾಗ ಚಾಚುವ ಹಾಗೆಯೇ ಚಾಚಿದೆ.

ಬೆಕ್ಕಿನ ಮೂಗು ಅಲುಗಿತು. ಎದ್ದು ಬಂತು. ಮೊದಲು ಕೆನೆ ನೆಕ್ಕಿತು. ಕೆನೆ ಮುಗಿದ ಜಾಗದಲ್ಲಿ ನಾಲಿಗೆ ಮಾಂಸಕ್ಕೆ ತಾಗಿತು, ತಡೆಯಿತು. ಆಮೇಲೆ ಒಂದು ನಾರು ಎಳೆದುಕೊಂಡಿತು. ಅಗಿಯಿತು. ಇನ್ನೊಂದು. ಇದ್ದಕ್ಕಿದ್ದಂತೆ ಗಂಟಲಿನಿಂದ ಒಂದು ಗುರುಗುಟ್ಟುವ ಸದ್ದು ಬಂತು, ಆ ಮನೆಯಲ್ಲಿ ಮೂರು ವರ್ಷದಲ್ಲಿ ನಾನು ಕೇಳದ ಸದ್ದು. ತಲೆ ಓರೆ ಮಾಡಿ ಗಬಗಬ ತಿನ್ನತೊಡಗಿತು. ಅದರ ಹಲ್ಲು ನನ್ನ ಅಂಗೈಗೆ ತಾಗುತ್ತಿತ್ತು. ಎಂಜಲು ಮಣಿಕಟ್ಟಿಗೆ ಹರಿಯಿತು.

ಹಿಂದೆ ಬಾಗಿಲ ಸದ್ದಾಯಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಮೊದಲು ಬೆಕ್ಕನ್ನು ನೋಡಿದರು. ಆಮೇಲೆ ನನ್ನ ಕೈಯನ್ನು ನೋಡಿದರು, ಯಾವ ಕೈ ಎಂದು.

"ಥೂ," ಎಂದರು. "ನಾಚಿಕಿ ಇಲ್ಲದ್ದು, ಹೆಂಗ ತಿನ್ನಾಕತ್ತೇತಿ ನೋಡು."

ನಾನು ಕೈ ಹಿಂದಕ್ಕೆಳೆಯಲು ಹೋದೆ. ತೊಳೆದುಕೊಂಡು ಬರ್ತೀನಿ ಅತ್ತೀ ಎಂದೆ.

"ತಡಿ," ಎಂದರು. ಸೆರಗಿನ ಹಿಂದಿನಿಂದ ದನಿ ಒಡೆದಿತ್ತು. "ಪೂರಾ ತಿನ್ಲಿ."

ಅದು ಮುಗಿಯುವ ತನಕ ಅಲ್ಲೇ ನಿಂತಿದ್ದರು. ಆಮೇಲೆ ಹೋಗಿ ಎರಡನೇ ಸಲ ತಲೆಗೆ ಸ್ನಾನ ಮಾಡಿದರು. ಒಂದು ತಿಂಗಳು ನನ್ನ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ನಾನೂ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಕೈಯಿಂದ ನನಗೇ ನೀರು ಇಳಿಯುತ್ತಿರಲಿಲ್ಲ. ಮುಂದಿನ ಶ್ರಾವಣದಲ್ಲಿ ಬೆಕ್ಕ ಒಪ್ಪತ್ತು ಮಾಡ್ತೈತೇನು ಎಂದು ಊರಿನಿಂದ ಯಾರೋ ಫೋನಿನಲ್ಲಿ ಕೇಳಿದರು. ಅತ್ತೆ, ಅದು ಬೆಕ್ಕು, ಬೆಕ್ಕು ತಿನ್ನೋದು ತಿಂತೈತಿ ಎಂದು ಫೋನ್ ಇಟ್ಟುಬಿಟ್ಟರು.

ಬೆಕ್ಕು ಉಳಿಯಿತು. ಎದೆಯ ಬಡಿತ ಮೂರು ತಿಂಗಳಲ್ಲಿ ಸರಿಹೋಯಿತು ಎಂದರು ಡಾಕ್ಟರು. ಕಣ್ಣು ಬರಲಿಲ್ಲ. ಬಲೆಯನ್ನು ಕಿತ್ತು ಎಸೆಯಬೇಕು ಎಂದು ಕತ್ತರಿ ಹಿಡಿದು ಒಂದು ದಿನ ಬಾಲ್ಕನಿಗೆ ಹೋಗಿದ್ದೆ. ಬೆಕ್ಕು ಕಟ್ಟೆಯ ಮೇಲೆ ಬಲೆಗೆ ಮೈ ಒತ್ತಿಕೊಂಡು, ಪಾರಿವಾಳದ ಸದ್ದಿಗೆ ಕಿವಿಯಾಡಿಸುತ್ತ ಕೂತಿತ್ತು. ಬಲೆ ತೆಗೆದರೆ ಅದು ಎರಡು ಮಹಡಿ ಕೆಳಗೆ ಬೀಳುತ್ತದೆ. ಕತ್ತರಿಯನ್ನು ಒಳಗೆ ತಂದಿಟ್ಟೆ.

ನನ್ನ ಹೇಸಿಗೆ ಹೋಗಿಲ್ಲ. ಭಾನುವಾರ ಮಾಂಸ ಬೇಯಿಸುವಾಗ ಈಗಲೂ ಮೂಗಿಗೆ ಬಟ್ಟೆ ಕಟ್ಟುತ್ತೇನೆ. ಸೋಪು, ಕಡಲೆಹಿಟ್ಟು, ನಿಂಬೆಹಣ್ಣು ಎಲ್ಲ ಹಾಕಿ ತಿಕ್ಕಿದರೂ ಅಂಗೈಯ ವಾಸನೆ ನನಗೆ ಹೋದಂತೆ ಅನ್ನಿಸುವುದಿಲ್ಲ, ಬೆಕ್ಕಿಗೂ ಅನ್ನಿಸುವುದಿಲ್ಲ. ಬೆಳಿಗ್ಗೆ ಪೂಜೆಗೆ ಕೂತು ಲಿಂಗವನ್ನು ಇಡಲು ಎಡ ಅಂಗೈ ಚಾಚಿದರೆ ಸಾಕು, ಗೋಡೆಯನ್ನು ಮೀಸೆಯಿಂದ ಸವರಿಕೊಂಡು ಅದು ದೇವರ ಕೋಣೆಗೆ ಬರುತ್ತದೆ. ಖಾಲಿ ಅಂಗೈಯನ್ನು ಮೂಸಿ, ಒರಟು ನಾಲಿಗೆಯಿಂದ ನಡುವಿನ ಗೆರೆಯನ್ನು ನೆಕ್ಕುತ್ತದೆ. ಪಕ್ಕದಲ್ಲಿ ಅತ್ತೆ ಕಣ್ಣು ಬಿಡುವುದಿಲ್ಲ. ಅದು ನೆಕ್ಕಿ ಮುಗಿಸುವ ತನಕ ನಾನು ಲಿಂಗವನ್ನು ಬಲಗೈಯಲ್ಲಿ ಹಿಡಿದುಕೊಂಡು ಕಾಯುತ್ತೇನೆ.